ವೈನ್ ರಿವ್ಯೂ ನೋಡಿ ಬಾಟಲ್ ಆರಿಸೋದು ಹೇಗೆ: ಲೇಬಲ್‌ನಿಂದ ಶುರು ಮಾಡಿ ಸ್ಕೋರ್ ಕೊನೆಗೆ ನೋಡೋ ಸಮಗ್ರ ಮಾರ್ಗದರ್ಶಿ

"92 ಪಾಯಿಂಟ್ ಇತ್ತು ಅಂತ ತಗೊಂಡೆ, ಬಾಯಿಗಿಡಕ್ಕಾಗ್ಲಿಲ್ಲ." ಈ ಥರ ಮೆಸೇಜ್ ಎಷ್ಟು ಬಂದಿವೆ ಅಂದ್ರೆ, ಈಗ ಸ್ಕ್ರೀನ್‌ಶಾಟ್ ತೆರೆಯೋಕೆ ಮುಂಚೇನೇ ಏನಾಗಿರ್ಬೋದು ಅಂತ ಊಹೆ ಮಾಡ್ಬಿಡ್ತೀನಿ. ಒಂದೋ ರಿವ್ಯೂ ಬೇರೆ ವೈನಿಂದು, ಇಲ್ಲಾ ಬೇರೆ ವರ್ಷದ್ದು, ಇಲ್ಲಾ ರಿವ್ಯೂ ಬರ್ದೋರ ನಾಲಿಗೆಗೂ ಓದಿದೋರ ನಾಲಿಗೆಗೂ ಆಗಿ ಬರಲ್ಲ. ವೈನ್ ಕೆಟ್ಟಿದ್ದು ಅನ್ನೋದು ಇವೆಲ್ಲ ಆದ್ಮೇಲೆ ಬರೋ ಮಾತು.

ಎಲ್ಲರೂ ಎಡವೋದು ಕ್ರಮದಲ್ಲಿ. ಮೊದಲು ಸ್ಕೋರ್ ನೋಡ್ತಾರೆ, ಆಮೇಲೆ ರಿವ್ಯೂ ಓದ್ತಾರೆ, ಲೇಬಲ್ ನೋಡೋದು ಮನೆಗೆ ಬಂದ್ಮೇಲೆ. ಇದನ್ನ ಪೂರ್ತಿ ತಿರುಗಿಸಿ ಹಾಕ್ಬೇಕು. ಕೆಳಗಿರೋ ಎಂಟು ಹಂತಾನ ಇದೇ ಕ್ರಮದಲ್ಲಿ ಮಾಡಿ, ಮಧ್ಯದಲ್ಲಿ ಹಾರಬೇಡಿ.

## ಶುರು ಮಾಡೋಕೆ ಮುಂಚೆ ಏನೇನು ಬೇಕು

ಹೆಚ್ಚೇನೂ ಬೇಡ. ಫೋನ್ ಕ್ಯಾಮೆರಾ, ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್, ಒಂದೇ ಆಕಾರದ ಎರಡು ಗ್ಲಾಸ್, ಒಂದು ಸಾಧಾರಣ ಥರ್ಮಾಮೀಟರ್. ಗ್ಲಾಸ್ ಬಾಯಿ ಹೊಟ್ಟೆಗಿಂತ ಕಿರಿದಾಗಿರ್ಬೇಕು ಅಷ್ಟೇ. ಟೇಸ್ಟಿಂಗ್‌ಗೆ ಅಂತಾನೇ ಐಎಸ್‌ಒ ಅಳತೆಯ ಗ್ಲಾಸ್ ಬರುತ್ತೆ, ಸುಮಾರು 215 ಮಿ.ಲೀ. ಹಿಡಿಯುತ್ತೆ, ಅದಿದ್ರೆ ಒಳ್ಳೇದು, ಇಲ್ದಿದ್ರೆ ತಲೆ ಕೆಡಿಸ್ಕೋಬೇಡಿ.

ಆನ್‌ಲೈನಲ್ಲಿ ಮೂರು ಜಾಗ ಗೊತ್ತಿದ್ರೆ ಸಾಕು. ಸಾಮಾನ್ಯ ಜನರ ರೇಟಿಂಗ್‌ಗೆ ವಿವಿನೋ, ತಾವೇ ಬಾಟಲ್ ಕೂಡಿಟ್ಟು ಕುಡಿಯೋರ ನೋಟ್ಸ್‌ಗೆ ಸೆಲ್ಲರ್‌ಟ್ರ್ಯಾಕರ್, ಈ ಹೆಸರಿನ ವೈನ್ ನಿಜವಾಗ್ಲೂ ಇದೆಯಾ, ಯಾವ್ಯಾವ ವರ್ಷದ್ದು ಓಡಾಡ್ತಿದೆ ಅಂತ ನೋಡೋಕೆ ವೈನ್-ಸರ್ಚರ್. ಇವುಗಳನ್ನ ದುಡ್ಡು ಕೊಡದೇನೇ ಈ ಕೆಲಸಕ್ಕೆ ಸಾಕಾಗೋಷ್ಟು ಬಳಸ್ಬೋದು. ವಿಮರ್ಶಕರ ಪೇಯ್ಡ್ ಸಬ್‌ಸ್ಕ್ರಿಪ್ಷನ್ ಈಗ್ಲೇ ತಗೋಬೇಡಿ, ಯಾರದ್ದು ತಗೋಬೇಕು ಅಂತ ಗೊತ್ತಾಗೋದು 7ನೇ ಹಂತ ಮುಗಿದ್ಮೇಲೇನೇ.

## ಹಂತ 1: ಇದು ಯಾವ ವೈನ್ ಅಂತ ಖಚಿತ ಮಾಡ್ಕೊಳ್ಳಿ

ಅರ್ಧಕ್ಕರ್ಧ ತಪ್ಪು ಇಲ್ಲೇ ಆಗೋದು, ಅದಕ್ಕೇ ಈ ಹಂತ ಉದ್ದ. ಬಾಟಲ್‌ನ ಮುಂದಿನ ಲೇಬಲ್, ಹಿಂದಿನ ಲೇಬಲ್, ಕತ್ತಿನ ಸುತ್ತ ಇರೋ ಪಟ್ಟಿ, ಎಲ್ಲದರ ಫೋಟೋ ತೆಗೀರಿ. ಆಮೇಲೆ ಐದು ವಿಷಯ ಬೇರೆ ಬೇರೆ ಸಾಲಲ್ಲಿ ಬರ್ಕೊಳ್ಳಿ: ಮಾಡಿದೋರು ಯಾರು, ಎಲ್ಲಿಯದು, ಯಾವ ದ್ರಾಕ್ಷಿ, ಯಾವ ವರ್ಷದ ಸುಗ್ಗಿ (ಇದನ್ನೇ ವಿಂಟೇಜ್ ಅನ್ನೋದು), ಮತ್ತೆ ಆ ಬಾಟಲ್‌ಗಷ್ಟೇ ಇಟ್ಟಿರೋ ಹೆಸರು ಅಥವಾ ತೋಟದ ಹೆಸರು ಏನಾದ್ರೂ ಇದ್ರೆ ಅದು. ಐದೂ ತುಂಬದೆ ಸರ್ಚ್ ಮಾಡೋಕೆ ಹೋಗ್ಬೇಡಿ.

ಯಾಕೆ ಇಷ್ಟು ಹಠ ಅಂದ್ರೆ, ವೈನ್ ಹೆಸರುಗಳು ಬೇಕಂತ್ಲೇ ಮೋಸ ಮಾಡೋ ಹಾಗಿವೆ. ಫ್ರಾನ್ಸಿನ ಪುಯಿ-ಫ್ಯೂಮೆ ಲುವಾರ್ ಕಣಿವೆಯದು, ಸೋವಿನ್ಯೋ ಬ್ಲಾಂ ದ್ರಾಕ್ಷಿ. ಪುಯಿ-ಫ್ವಿಸೆ ಬರ್ಗಂಡಿಯದು, ಶಾರ್ಡನೇ. ಎರಡಕ್ಕೂ ಸಂಬಂಧಾನೇ ಇಲ್ಲ. ಇಟಲಿಯ ಮೊಂಟೆಪುಲ್ಚಾನೋ ಇನ್ನೂ ಕಷ್ಟ, ವಿನೋ ನೋಬಿಲೆ ದಿ ಮೊಂಟೆಪುಲ್ಚಾನೋ ಅಂದ್ರೆ ಟಸ್ಕನಿಯಲ್ಲಿ ಆ ಹೆಸರಿನ ಊರಿದೆ, ಅಲ್ಲಿ ಮುಖ್ಯವಾಗಿ ಸಾಂಜೊವೇಸೆ ದ್ರಾಕ್ಷಿಯಿಂದ ಮಾಡಿದ್ದು. ಮೊಂಟೆಪುಲ್ಚಾನೋ ದಾಬ್ರುಟ್ಸೋ ಅಂದ್ರೆ ಅಬ್ರುಟ್ಸೋ ಪ್ರದೇಶದಲ್ಲಿ ಮೊಂಟೆಪುಲ್ಚಾನೋ ಅನ್ನೋ ದ್ರಾಕ್ಷಿಯಿಂದ ಮಾಡಿದ್ದು. ಒಂದು ಕಡೆ ಊರು, ಇನ್ನೊಂದು ಕಡೆ ಹಣ್ಣು. ಹಾಗೇ ಮಾರ್ಗೋ ಅನ್ನೋದು ಫ್ರಾನ್ಸಿನ ಬೋರ್ಡೋದ ಒಂದು ಪ್ರದೇಶ, ಅಲ್ಲಿ ಎಷ್ಟೋ ಜನ ವೈನ್ ಮಾಡ್ತಾರೆ. ಶಾತೋ ಮಾರ್ಗೋ ಅವರಲ್ಲಿ ಒಬ್ಬರು. ಅದೇ ಶಾತೋ ಮಾಡೋ ಎರಡನೇ ವೈನ್ ಪವಿಯೋಂ ರೂಜ್, ಲೇಬಲ್ ಮೇಲೆ ಮಾರ್ಗೋ ಅನ್ನೋ ಪದ ಅಲ್ಲೂ ಇರುತ್ತೆ. ಶಾತೋ ಮಾರ್ಗೋ ರಿವ್ಯೂ ಓದಿ ಮಾರ್ಗೋದ ಇನ್ಯಾವುದೋ ಬಾಟಲ್ ತಂದ್ಕೊಂಡೋರು ನಂಗೇ ಇಬ್ಬರು ಗೊತ್ತು.

ನಂದೂ ಒಂದು ಕಥೆ ಇದೆ. ಒಂದು ಜರ್ಮನ್ ರೀಸ್ಲಿಂಗ್ ಬಗ್ಗೆ ಮೂರ್ನಾಲ್ಕು ರಿವ್ಯೂ ಓದಿದ್ದೆ, ಎಲ್ಲರೂ ಸಿಹಿ ಒಂಚೂರೂ ಇಲ್ಲ, ನಿಂಬೆಹಣ್ಣು ಹಿಂಡಿದ ಹಾಗೆ ಚುರುಕಾಗಿದೆ ಅಂದಿದ್ರು. ತಂದೆ, ತೆಗೆದೆ, ನಾಲಿಗೆಗಿಟ್ರೆ ಸಿಹಿ. ಬಾಟಲ್ ಹಾಳಾಗಿದೆ ಅಂತ ಎರಡು ದಿನ ಗೊಣಗಿದೆ. ಆಮೇಲೆ ರಿವ್ಯೂನಲ್ಲಿದ್ದ ಫೋಟೋನ ದೊಡ್ಡದು ಮಾಡಿ ನನ್ನ ಬಾಟಲ್ ಪಕ್ಕ ಹಿಡಿದು ನೋಡ್ದೆ. ಅದೇ ಮನೆತನದ ಚಿತ್ರ, ಅದೇ ಊರು, ಅದೇ ತೋಟ, ಅದೇ ವರ್ಷ. ಕೆಳಗಡೆ ಸಾಲಲ್ಲಿ ಅವರದ್ರಲ್ಲಿ "ಟ್ರೋಕನ್" ಅಂತಿತ್ತು, ನಂದ್ರಲ್ಲಿ ಇರ್ಲಿಲ್ಲ, "ಕಾಬಿನೆಟ್" ಅಂತಷ್ಟೇ ಇತ್ತು. ಟ್ರೋಕನ್ ಅಂದ್ರೆ ಜರ್ಮನ್‌ನಲ್ಲಿ ಡ್ರೈ, ಅಂದ್ರೆ ಸಿಹಿ ಇಲ್ದಿರೋದು. ಆ ಪದ ಇಲ್ದಿದ್ರೆ ಸಿಹಿ ಉಳಿದಿರೋ ಸಾಧ್ಯತೆ ಚೆನ್ನಾಗಿದೆ ಅಂತ ಲೆಕ್ಕ. ಒಂದೇ ಒಂದು ಪದ, ಇರುವೆ ಗಾತ್ರದ ಅಕ್ಷರ.

ಆಪ್‌ನಲ್ಲಿ ಲೇಬಲ್ ಸ್ಕ್ಯಾನ್ ಮಾಡೋರು ಇಲ್ಲಿ ಇನ್ನೂ ಹುಷಾರಾಗಿರ್ಬೇಕು. ಸ್ಕ್ಯಾನ್ ಚಿತ್ರಾನ ಗುರ್ತಿಸುತ್ತೆ, ಆ ಸಣ್ಣ ಪದಾನ ಗುರ್ತಿಸದೇ ಹೋಗ್ಬೋದು, ವರ್ಷಾನೂ ತಪ್ಪು ಹಿಡೀಬೋದು. ಸ್ಕ್ಯಾನ್ ಆದ್ಮೇಲೆ ನೀವು ಬರ್ಕೊಂಡ ಐದು ಸಾಲಿನ ಜೊತೆ ಒಂದೊಂದಾಗಿ ತಾಳೆ ಹಾಕಿ. ಕೆಲವು ಪೇಜಲ್ಲಿ ಕಾಣೋ ಸರಾಸರಿ ಎಲ್ಲ ವರ್ಷಗಳದ್ದೂ ಸೇರ್ಸಿದ್ದು, ನಿಮ್ಮ ವರ್ಷದ್ದಲ್ಲ, ಅದನ್ನೂ ನೋಡ್ಕೊಳ್ಳಿ.

ವರ್ಷ ಇಲ್ದಿರೋ ಬಾಟಲ್‌ಗಳೂ ಇವೆ, ಶಾಂಪೇನ್‌ನಲ್ಲಂತೂ ಅದೇ ಜಾಸ್ತಿ. ಬೇರೆ ಬೇರೆ ವರ್ಷದ ವೈನ್ ಬೆರೆಸಿರ್ತಾರೆ, ಅದನ್ನ ನಾನ್-ವಿಂಟೇಜ್ ಅಂತಾರೆ. ಇಂಥದ್ರ ಹಿಂದಿನ ಲೇಬಲ್ಲಲ್ಲಿ ಮಡ್ಡಿ ತೆಗೆದು ಕಾರ್ಕ್ ಹಾಕಿದ ದಿನಾಂಕ ಕೊಟ್ಟಿದ್ರೆ ಅದನ್ನ ಬರ್ಕೊಳ್ಳಿ, ಯಾಕಂದ್ರೆ ಐದು ವರ್ಷದ ಹಿಂದಿನ ರಿವ್ಯೂ ಅದೇ ಹೆಸರಿನ ಬೇರೆ ಮಿಶ್ರಣದ ಮೇಲೆ ಬರ್ದಿರೋದು.

## ಹಂತ 2: ಲೇಬಲ್ ಮೇಲಿನ ಮಾತಲ್ಲಿ ಯಾವುದಕ್ಕೆ ತೂಕ ಇದೆ, ಯಾವುದು ಬರೀ ಅಲಂಕಾರ

ಕೆಲವು ಪದಗಳ ಹಿಂದೆ ಕಾನೂನಿದೆ. ಸ್ಪೇನಿನ ರಿಯೋಹಾದಲ್ಲಿ ಕೆಂಪು ವೈನ್ ಮೇಲೆ ರೆಸೆರ್ವಾ ಅಂತ ಬರೀಬೇಕಂದ್ರೆ ಕನಿಷ್ಠ 3 ವರ್ಷ ಮಾಗಿರ್ಬೇಕು, ಅದ್ರಲ್ಲಿ 1 ವರ್ಷ ಓಕ್ ಮರದ ಪೀಪಾಯಿಯಲ್ಲಿ. ಗ್ರಾನ್ ರೆಸೆರ್ವಾಗೆ 5 ವರ್ಷ. ಅದೇ "ರಿಸರ್ವ್" ಪದ ಅಮೆರಿಕದ ಬಾಟಲ್ ಮೇಲಿದ್ರೆ ಕಾನೂನಿನ ಪ್ರಕಾರ ಏನೂ ಅರ್ಥ ಇಲ್ಲ, ಯಾರು ಬೇಕಾದ್ರೂ ಹಾಕ್ಕೋಬೋದು. "ಓಲ್ಡ್ ವೈನ್ಸ್", ಹಳೇ ಬಳ್ಳಿ, ಅನ್ನೋದಕ್ಕೂ ಬಹಳ ಕಡೆ ಇಷ್ಟೇ ವರ್ಷ ಅಂತ ಲೆಕ್ಕ ಇಲ್ಲ.

ದ್ರಾಕ್ಷಿ ಹೆಸರು ಬರ್ದಿದ್ರೆ ಪೂರ್ತಿ ಅದೇ ಅಂತಲ್ಲ. ಯುರೋಪಿಯನ್ ಯೂನಿಯನ್‌ನಲ್ಲಿ 85% ಇದ್ರೆ ಒಂದೇ ದ್ರಾಕ್ಷಿಯ ಹೆಸರು ಹಾಕ್ಬೋದು, ಅಮೆರಿಕದಲ್ಲಿ ಸಾಮಾನ್ಯವಾಗಿ 75% ಸಾಕು. ರಿವ್ಯೂನಲ್ಲಿ "ಕಾಬರ್ನೆ ಸೋವಿನ್ಯೋ ಥರಾನೇ ಇಲ್ಲ" ಅಂತ ಯಾರಾದ್ರೂ ಬೈದಿದ್ರೆ ಮಿಕ್ಕ ಕಾಲು ಭಾಗ ಏನು ಅಂತ ನೋಡಿ.

ಎಲ್ಲಕ್ಕಿಂತ ಜಾಸ್ತಿ ಜನ ಬೀಳೋ ಗುಂಡಿ ಸ್ಪಾರ್ಕ್ಲಿಂಗ್, ಅಂದ್ರೆ ಗುಳ್ಳೆ ಬರೋ ವೈನ್‌ದು. "ಎಕ್ಸ್‌ಟ್ರಾ ಡ್ರೈ" ಅಂದ್ರೆ ಬ್ರೂಟ್‌ಗಿಂತ ಡ್ರೈ ಅಂತ ಯಾರಿಗಾದ್ರೂ ಅನ್ಸುತ್ತೆ, ಆದ್ರೆ ಉಲ್ಟಾ. ಬ್ರೂಟ್‌ನಲ್ಲಿ ಸಕ್ಕರೆ ಲೀಟರಿಗೆ 12 ಗ್ರಾಂ ಒಳಗೆ, ಎಕ್ಸ್‌ಟ್ರಾ ಡ್ರೈನಲ್ಲಿ 12ರಿಂದ 17, ಡೆಮಿ-ಸೆಕ್‌ನಲ್ಲಿ 32ರಿಂದ 50. ಕಮ್ಮಿ ಸಿಹಿ ಬೇಕಿದ್ರೆ ಎಕ್ಸ್‌ಟ್ರಾ ಬ್ರೂಟ್ ಅಥವಾ ಬ್ರೂಟ್ ನಾಚ್ಯೂರ್ ಅಂತ ಹುಡುಕಿ. ಈ ಹೆಸರುಗಳನ್ನ ಇಟ್ಟವರ ಮೇಲೆ ನಂಗೆ ಇವತ್ತಿಗೂ ಸಿಟ್ಟಿದೆ.

## ಹಂತ 3: ಟೆಕ್ ಶೀಟ್ ಹುಡುಕಿ

ಇದನ್ನ ಯಾರೂ ಮಾಡಲ್ಲ, ಆದ್ರೆ ಹತ್ತು ರಿವ್ಯೂ ಓದೋದಕ್ಕಿಂತ ಇದು ಹೆಚ್ಚು ಹೇಳುತ್ತೆ. ವೈನ್ ಮಾಡಿದೋರ ಸೈಟಲ್ಲಿ ಒಂದು ಪಿಡಿಎಫ್ ಇರುತ್ತೆ, ಟೆಕ್ ಶೀಟ್ ಅಥವಾ ಫ್ಯಾಕ್ಟ್ ಶೀಟ್ ಅಂತ, ಫ್ರೆಂಚ್ ಆದ್ರೆ "ಫಿಶ್ ಟೆಕ್ನೀಕ್" (fiche technique), ಇಟಾಲಿಯನ್ ಆದ್ರೆ "ಸ್ಕೇದಾ ಟೆಕ್ನಿಕಾ" (scheda tecnica). ಮಾಡಿದೋರ ಹೆಸರು, ವೈನ್ ಹೆಸರು, ವರ್ಷ, ಜೊತೆಗೆ ಈ ಪದ ಹಾಕಿ ಸರ್ಚ್ ಮಾಡಿ.

ಅದ್ರಲ್ಲಿ ನೋಡ್ಬೇಕಾಗಿರೋದು ನಾಲ್ಕೇ. ಉಳಿಕೆ ಸಕ್ಕರೆ ಲೀಟರಿಗೆ ಎಷ್ಟು ಗ್ರಾಂ: 4ರ ಒಳಗಿದ್ರೆ ಡ್ರೈ, ಹುಳಿ ಜಾಸ್ತಿ ಇದ್ರೆ 9ರವರೆಗೂ ಯುರೋಪಿನ ನಿಯಮದಲ್ಲಿ ಡ್ರೈ ಅಂತಾನೇ ಕರೀತಾರೆ. ಪಿಎಚ್: 3.1ರ ಹತ್ರ ಇದ್ರೆ ಚುರುಕು ಹುಳಿ, 3.7ರ ಹತ್ರ ಇದ್ರೆ ಮೆತ್ತಗೆ. ಆಲ್ಕೋಹಾಲ್: 12% ಮತ್ತೆ 15% ಮಧ್ಯೆ ಬಾಯಲ್ಲಿ ದೊಡ್ಡ ವ್ಯತ್ಯಾಸ, ಜಾಸ್ತಿ ಇದ್ದಷ್ಟು ಗಂಟಲಲ್ಲಿ ಬಿಸಿ. ಮತ್ತೆ ಓಕ್: ಎಷ್ಟು ತಿಂಗಳು, ಎಷ್ಟು ಭಾಗ ಹೊಸ ಪೀಪಾಯಿ. ವನಿಲಾ, ತೆಂಗಿನ ಘಮ, ಸುಟ್ಟ ವಾಸನೆ ಇವೆಲ್ಲ ಬರೋದು ಅಲ್ಲಿಂದ, ಹೊಸ ಓಕ್ ಆದ್ರೆ ಜೋರು, ಹಳೇದಾದ್ರೆ ಇಲ್ಲವೇ ಇಲ್ಲ ಅನ್ನೋಷ್ಟು.

ಟೆಕ್ ಶೀಟ್ ಸಿಗಲಿಲ್ಲ ಅಂದ್ರೆ ಹಿಂದಿನ ಲೇಬಲ್ಲಿನ ಕ್ಯೂಆರ್ ಕೋಡ್ ನೋಡಿ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್ ಯುರೋಪಿಯನ್ ಯೂನಿಯನ್‌ನಲ್ಲಿ ಮಾರ್ಬೇಕಂದ್ರೆ ಪದಾರ್ಥಗಳ ಪಟ್ಟಿ, ಪೋಷಕಾಂಶದ ವಿವರ ಕೊಡ್ಲೇಬೇಕು, ಬಹಳ ಜನ ಅದನ್ನ ಕೋಡ್ ಹಿಂದೆ ಇಟ್ಟಿರ್ತಾರೆ. ಅಲ್ಲಿ 100 ಮಿ.ಲೀ.ಗೆ ಎಷ್ಟು ಸಕ್ಕರೆ ಅಂತಿರುತ್ತೆ, ಹತ್ತರಿಂದ ಗುಣಿಸಿದ್ರೆ ಲೀಟರಿನ ಲೆಕ್ಕ ಬಂತು.

## ಹಂತ 4: ಯಾರು ಬರ್ದಿದ್ದು, ಯಾವ ಪರಿಸ್ಥಿತಿಯಲ್ಲಿ ಬರ್ದಿದ್ದು

ಈಗ ರಿವ್ಯೂ ತೆರೀಬೋದು, ಆದ್ರೆ ಇನ್ನೂ ಓದೋಕೆ ಅಲ್ಲ. ಮೊದಲು ಹೆಸರು ಮತ್ತೆ ದಿನಾಂಕ ನೋಡಿ.

ವೃತ್ತಿಪರ ವಿಮರ್ಶಕರು ಅಂದ್ರೆ ರಾಬರ್ಟ್ ಪಾರ್ಕರ್ 1978ರಲ್ಲಿ ಶುರು ಮಾಡಿದ ವೈನ್ ಅಡ್ವೊಕೇಟ್, ವೈನ್ ಸ್ಪೆಕ್ಟೇಟರ್, ಡಿಕ್ಯಾಂಟರ್, ಆಂಟೋನಿಯೋ ಗಲ್ಲೋನಿಯವರ ವಿನಸ್, ಜ್ಯಾನ್ಸಿಸ್ ರಾಬಿನ್ಸನ್, ಈ ಥರದೋರು. ಪತ್ರಿಕೆ ಹೆಸರು ನೋಡಿ ಬಿಟ್ಬಿಡ್ಬೇಡಿ, ಒಂದೇ ಪತ್ರಿಕೆಯಲ್ಲಿ ಬೇರೆ ಬೇರೆ ಪ್ರದೇಶಕ್ಕೆ ಬೇರೆ ಬೇರೆ ಜನ ಇರ್ತಾರೆ, ನಿಮಗೆ ಬೇಕಾಗಿರೋದು ಬರ್ದ ಮನುಷ್ಯನ ಹೆಸರು. ಬ್ಲೈಂಡ್ ಆಗಿ, ಅಂದ್ರೆ ಯಾವ ವೈನ್ ಅಂತ ಗೊತ್ತಿಲ್ದೇ ಕುಡಿದಿದ್ದಾ, ಇಲ್ಲಾ ಮಾಡಿದೋರ ಜೊತೆ ಅವರ ನೆಲಮಾಳಿಗೆಯಲ್ಲಿ ಕೂತು ಕುಡಿದಿದ್ದಾ ಅನ್ನೋದನ್ನೂ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಬರ್ದಿರ್ತಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ, ಬ್ಲೈಂಡ್ ಆದ್ರೆ ಹೆಸರಿನ ಪ್ರಭಾವ ಇಲ್ಲ, ಅಲ್ಲೇ ಹೋಗಿ ಕುಡಿದ್ರೆ ಹಿನ್ನೆಲೆ ಗೊತ್ತಿರುತ್ತೆ.

ಸ್ಕೋರ್ "94-96" ಅಂತ ಎರಡು ಅಂಕಿಯಲ್ಲಿದ್ರೆ ನಿಂತ್ಕೊಳ್ಳಿ. ಸಾಮಾನ್ಯವಾಗಿ ಅದು ಪೀಪಾಯಿಯಿಂದ ತೆಗೆದ ಸ್ಯಾಂಪಲ್‌ಗೆ ಕೊಟ್ಟಿದ್ದು. ಬೋರ್ಡೋದಲ್ಲಿ ಸುಗ್ಗಿಯಾದ ಮುಂದಿನ ವಸಂತದಲ್ಲೇ ಹೀಗೆ ರುಚಿ ನೋಡಿಸ್ತಾರೆ, ಆಗಿನ್ನೂ ವೈನ್ ಬಾಟಲ್‌ಗೇ ಇಳಿದಿರಲ್ಲ. ಬಾಟಲ್ ಆದ್ಮೇಲೆ ಅವರೇ ಇನ್ನೊಂದು ಸಲ ಬರ್ದಿದ್ರೆ ಅದನ್ನ ಹುಡುಕಿ ಓದಿ.

ಜನರ ರೇಟಿಂಗ್‌ಗೆ ಬೇರೆ ಕಣ್ಣು ಬೇಕು. ಐದು ಸ್ಟಾರಿನ ಸ್ಕೇಲಲ್ಲಿ ಬಹಳಷ್ಟು ವೈನ್ ಆರಕ್ಕೇರಲ್ಲ ಮೂರಕ್ಕಿಳಿಯಲ್ಲ ಅನ್ನೋ ಹಾಗೆ ಮೂರೂವರೆ, ನಾಲ್ಕರ ಮಧ್ಯೇನೇ ಕೂತಿರುತ್ತೆ. ಜನ ಸಿಹಿ ಇರೋದಕ್ಕೆ, ಗಟ್ಟಿ ಕೆಂಪಿಗೆ, ಹೆಸರಾಂತ ಬಾಟಲ್‌ಗೆ ಕೈ ಬಿಚ್ಚಿ ಕೊಡ್ತಾರೆ, ಹುಳಿ ಒಗರು ಇರೋದಕ್ಕೆ ಕೈ ಬಿಗಿ ಹಿಡೀತಾರೆ. ಹಾಗಾಗಿ 4.2 ಇರೋ ಒಂದು ಸಿಹಿ ಕೆಂಪನ್ನ 3.7 ಇರೋ ಶಬ್ಲಿ ಅನ್ನೋ ಹುಳಿ ಬಿಳಿ ವೈನ್ ಜೊತೆ ಹೋಲಿಸೋದು ವ್ಯರ್ಥ. ಒಂದೇ ಪ್ರದೇಶ, ಒಂದೇ ಥರದ ವೈನ್‌ಗಳ ಒಳಗೆ ಮಾತ್ರ ಹೋಲಿಸಿ, ಎಷ್ಟು ಜನ ಕೊಟ್ಟಿದ್ದು ಅಂತ ನೋಡಿ, ಹನ್ನೆರಡು ಜನರ 4.4ಕ್ಕಿಂತ ಎರಡು ಸಾವಿರ ಜನರ 4.0 ನಂಬೋಕೆ ಲೇಸು. ನಾನಂತೂ ಸ್ಟಾರ್ ಬಿಟ್ಟು ನೋಟ್ಸ್ ಮಾತ್ರ ಓದ್ತೀನಿ, ಅದ್ರಲ್ಲೂ ಈ ಆರು ತಿಂಗಳಲ್ಲಿ ಬರ್ದಿರೋದು, ಯಾಕಂದ್ರೆ ವೈನ್ ಈಗ ಹೇಗಿದೆ ಅನ್ನೋದು ವಿಮರ್ಶಕರ ಹಳೇ ರಿವ್ಯೂನಲ್ಲಿ ಸಿಗಲ್ಲ, ಸೆಲ್ಲರ್‌ಟ್ರ್ಯಾಕರ್‌ನಲ್ಲಿ ಹೋದ ವಾರ ಬಾಟಲ್ ತೆಗೆದೋರು ಬರ್ದಿರ್ತಾರೆ.

ಮೆಡಲ್ ಸ್ಟಿಕ್ಕರ್ ಬಗ್ಗೆ ಎರಡೇ ಮಾತು. ಸ್ಪರ್ಧೆಗೆ ವೈನ್ ಕಳ್ಸೋರು ಫೀಸ್ ಕಟ್ಟಿ ಕಳ್ಸ್ತಾರೆ, ಕಳ್ಸದೇ ಇರೋರೂ ಬಹಳ ಜನ ಇದ್ದಾರೆ, ಹಾಗಾಗಿ ಸ್ಟಿಕ್ಕರ್ ಇಲ್ದಿರೋದು ಕೆಟ್ಟ ಲಕ್ಷಣ ಅಲ್ಲ. ಸ್ಟಿಕ್ಕರ್ ಮೇಲೆ ಯಾವ ಸ್ಪರ್ಧೆ, ಯಾವ ವರ್ಷ ಅಂತ ಓದಕ್ಕಾದ್ರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ, ಸ್ಪರ್ಧೆಯ ಸೈಟಲ್ಲಿ ಆ ವಿಂಟೇಜ್‌ಗೇ ಬಂದಿದ್ದಾ ಅಂತ ನೋಡಿ. ಬರೀ ಚಿನ್ನದ ಬಣ್ಣದ ದುಂಡು ಚೀಟಿ ಇದ್ರೆ ಅದು ಡಿಸೈನ್.

ಮಾರೋರು ಬರ್ದಿರೋ ವರ್ಣನೆಯಲ್ಲಿ "93 ಪಾಯಿಂಟ್ಸ್" ಅಂತ ಇದ್ದು ಯಾರು ಕೊಟ್ಟಿದ್ದು, ಯಾವ ವಿಂಟೇಜಿಗೆ ಅಂತ ಇಲ್ದಿದ್ರೆ ಆ ಸಾಲನ್ನ ಇಲ್ಲ ಅಂದ್ಕೊಳ್ಳಿ. ಹಿಂದಿನ ವರ್ಷದ ಸ್ಕೋರನ್ನ ಈ ವರ್ಷದ ಬಾಟಲ್ ಪಕ್ಕ ಬಿಟ್ಟಿರೋದು ಸರ್ವೇಸಾಮಾನ್ಯ. ಚಾಟ್‌ಬಾಟ್ ಕೇಳಿದ್ರೂ ಅಷ್ಟೇ, ಇಲ್ದೇ ಇರೋ ಸ್ಕೋರನ್ನ ಘಂಟಾಘೋಷವಾಗಿ ಹೇಳ್ಬಿಡುತ್ತೆ, ಮೂಲ ಪೇಜ್ ಕಣ್ಣಾರೆ ನೋಡೋ ತನಕ ನಂಬಬೇಡಿ.

## ಹಂತ 5: ಟೇಸ್ಟಿಂಗ್ ನೋಟ್ ಓದೋ ರೀತಿ

ನೋಟ್ ಅಂದ್ರೆ ಬಹಳ ಜನ ಹಣ್ಣು ಹೂವಿನ ಪಟ್ಟಿ ಓದಿ ಬಿಡ್ತಾರೆ. ಅದನ್ನ ಕೊನೆಗೆ ಓದಿ. ಮೊದಲು ವೈನಿನ ಮೈಕಟ್ಟು ಹೇಳೋ ಪದ ಹುಡುಕಿ. ನಾನೇ ಒಂದು ನೋಟ್ ಕಟ್ಟಿ ತೋರಿಸ್ತೀನಿ:

"ಕಪ್ಪು ಚೆರ್ರಿ, ಸೀಡರ್, ಒಂಚೂರು ವನಿಲಾ. ಮಧ್ಯಮ ಬಾಡಿ, ಹೈ ಆಸಿಡಿಟಿ, ಗ್ರಿಪ್ಪಿ ಟ್ಯಾನಿನ್. ಉದ್ದದ ಫಿನಿಶ್. ಈಗ ಬಿಗಿಯಾಗಿದೆ. 2028-2040."

ಇದನ್ನ ಹಿಂದಿನಿಂದ ಓದಿ. 2028-2040 ಅನ್ನೋದು ಯಾವಾಗ ಕುಡಿದ್ರೆ ಚೆನ್ನ ಅಂತ ವಿಮರ್ಶಕರ ಅಂದಾಜು. ಇವತ್ತು ರಾತ್ರಿ ತೆಗೀಬೇಕು ಅಂದ್ಕೊಂಡಿದ್ರೆ ನಿಮಗೆ ಬೇಕಾದ ಉತ್ತರ ಇಲ್ಲೇ ಸಿಕ್ತು, ಬೇರೆ ಬಾಟಲ್ ನೋಡಿ. "ಬಿಗಿಯಾಗಿದೆ" ಅಂದ್ರೆ ಈಗ ವಾಸನೆಯಾಗ್ಲಿ ರುಚಿಯಾಗ್ಲಿ ಬಿಟ್ಕೊಡ್ತಿಲ್ಲ ಅನ್ನೋದಕ್ಕೆ ಸಭ್ಯ ಮಾತು. ಫಿನಿಶ್ ಅಂದ್ರೆ ನುಂಗಿದ್ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತೆ ಅನ್ನೋದು. ಟ್ಯಾನಿನ್ ಅಂದ್ರೆ ನಮ್ಮ ಒಗರು, "ಗ್ರಿಪ್ಪಿ" ಅಂದ್ರೆ ಒಸಡು ಹಿಡ್ಕೊಳ್ಳೋ ಒಗರು, "ಸಿಲ್ಕಿ" ಅಂದಿದ್ರೆ ಇದ್ದೂ ಗೊತ್ತಾಗದ ಒಗರು. ಆಸಿಡಿಟಿ ಅಂದ್ರೆ ಹುಳಿ, ಬಾಯಲ್ಲಿ ನೀರೂರ್ಸೋದು. ಬಾಡಿ ಅಂದ್ರೆ ವೈನಿನ ಮೈ, ಬಾಯಲ್ಲಿ ಎಷ್ಟು ಭಾರ ಅನ್ಸುತ್ತೆ ಅನ್ನೋದು. ಇಷ್ಟರಲ್ಲೇ ಗೊತ್ತಾಯ್ತಲ್ಲ, ಒಗರು ಹುಳಿ ಎರಡೂ ಜೋರು, ಮೆತ್ತಗಿನ ಕೆಂಪು ಇಷ್ಟಪಡೋರಿಗೆ ಇದಕ್ಕೆ 97 ಕೊಟ್ಟಿದ್ರೂ ಆಗಲ್ಲ.

ಹಣ್ಣಿನ ಪಟ್ಟಿಗೆ ಈಗ ಬನ್ನಿ. ಯಾರೂ ವೈನಿಗೆ ಚೆರ್ರಿ ಹಾಕಿಲ್ಲ, ಅದು ಹೋಲಿಕೆ ಅಷ್ಟೇ. ಕೆಂಪು ಹಣ್ಣು ಅಂದ್ರೆ ಹಗುರ, ಕಪ್ಪು ಹಣ್ಣು ಅಂದ್ರೆ ಗಾಢ, ಜಾಮ್ ಅಂದ್ರೆ ಬಿಸಿಲಲ್ಲಿ ಚೆನ್ನಾಗಿ ಹಣ್ಣಾದ ದ್ರಾಕ್ಷಿ. ಸೀಡರ್ ಮರ, ವನಿಲಾ, ಟೋಸ್ಟ್ ಅಂದ್ರೆ ಓಕ್. ತೊಗಲು, ಅಣಬೆ, ಒಣ ಎಲೆ ಅಂದ್ರೆ ವಯಸ್ಸಾಗಿದೆ. ಇಷ್ಟು ಗುಂಪು ಗೊತ್ತಿದ್ರೆ ಸಾಕು, ಒಂದೊಂದು ಹಣ್ಣನ್ನ ಹುಡುಕ್ತಾ ಕೂರಬೇಡಿ. ಡಿಕ್ಷನರಿ ನಂಬ್ಕೊಂಡೋರು ಇನ್ನೊಂದು ಕಡೆ ಎಡವ್ತಾರೆ. ಸೋವಿನ್ಯೋ ಬ್ಲಾಂ ರಿವ್ಯೂನಲ್ಲಿ ಗೂಸ್‌ಬೆರ್ರಿ ಅಂತ ಬಂದೇ ಬರುತ್ತೆ, ಅದನ್ನ ನೆಲ್ಲಿಕಾಯಿ ಅಂತ ಅರ್ಥ ಮಾಡ್ಕೊಂಡ್ರೆ ಕೆಟ್ರಿ, ಅದು ಬೇರೆ ಗಿಡದ ಬೇರೆ ಹಣ್ಣು. ಬ್ಲ್ಯಾಕ್‌ಕರಂಟ್ ಅಂದ್ರೂ ಒಣ ಕಪ್ಪು ದ್ರಾಕ್ಷಿ ಅಲ್ಲ.

"ಅದ್ಭುತ", "ಮನಮೋಹಕ", "ಸೊಗಸಾದ" ಅನ್ನೋ ಪದಗಳ ಮೇಲೆ ಪೆನ್ಸಿಲ್ ಎಳೀರಿ. ಎಳೆದ್ಮೇಲೆ ಏನೂ ಉಳೀದಿದ್ರೆ ಅದು ರಿವ್ಯೂ ಅಲ್ಲ, ಜಾಹೀರಾತು.

## ಹಂತ 6: ಈಗ ಸ್ಕೋರ್ ನೋಡಿ

100ರ ಸ್ಕೇಲ್ ಅಂತಾರೆ, ಆದ್ರೆ ಶುರುವಾಗೋದೇ 50ರಿಂದ, ಜನ ಓದೋದೆಲ್ಲ 85ರ ಮೇಲಿಂದು. ಜ್ಯಾನ್ಸಿಸ್ ರಾಬಿನ್ಸನ್ 20ಕ್ಕೆ ಕೊಡ್ತಾರೆ, ಅಲ್ಲಿ 17 ಅಂದ್ರೆ ಒಳ್ಳೇ ಮಾರ್ಕು, ಅದನ್ನ ಐದರಿಂದ ಗುಣಿಸಿ 85 ಮಾಡ್ಕೊಂಡು ಕಮ್ಮಿ ಅಂದ್ಕೋಬೇಡಿ. ಡಿಕ್ಯಾಂಟರ್ ಸ್ಪರ್ಧೆಯಲ್ಲಿ ಬೆಳ್ಳಿ ಮೆಡಲ್ ಅಂದ್ರೇನೇ 90ರಿಂದ 94, ಚಿನ್ನ ಅಂದ್ರೆ 95, 96. ಹಾಗಾಗಿ ಒಬ್ಬರ 92ನ್ನ ಇನ್ನೊಬ್ಬರ 92ರ ಜೊತೆ ಹೋಲಿಸ್ಬೇಡಿ, ಅವರವರದ್ದೇ ಬೇರೆ ಸ್ಕೋರುಗಳ ಜೊತೆ ಹೋಲಿಸಿ.

ಒಂದೆರಡು ಪಾಯಿಂಟ್‌ಗೆ ಜೀವ ಬಿಡಬೇಡಿ. ರಾಬರ್ಟ್ ಹಾಡ್ಜ್‌ಸನ್ ಅನ್ನೋರು ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಸ್ಪರ್ಧೆಯ ಜಡ್ಜ್‌ಗಳಿಗೇ ಒಂದು ಪರೀಕ್ಷೆ ಇಟ್ಟಿದ್ರು, ಒಂದೇ ಬಾಟಲ್‌ನಿಂದ ಮೂರು ಸಲ ಬಗ್ಗಿಸಿ, ಹೇಳದೆ ಮಿಕ್ಕವುಗಳ ಜೊತೆ ಸೇರ್ಸಿ ಕೊಟ್ರು. 2008ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರಕ್ಕೂ ಒಂದೇ ಮೆಡಲ್ ಮಟ್ಟದ ಮಾರ್ಕು ಕೊಟ್ಟೋರು ಸುಮಾರು 10% ಜಡ್ಜ್‌ಗಳು ಮಾತ್ರ. ಪಳಗಿದ ನಾಲಿಗೆಗೇ ಹೀಗೆ ಅಂದ್ಮೇಲೆ 91 ಬಿಟ್ಟು 92ಕ್ಕೆ ಹೋಗೋದ್ರಲ್ಲಿ ಏನಿದೆ. ನಾನು ಮಾಡೋದು ಇಷ್ಟೇ: 88ರ ಒಳಗೆ, 88ರಿಂದ 92, ಅದಕ್ಕಿಂತ ಮೇಲೆ, ಮೂರೇ ಡಬ್ಬ.

## ಹಂತ 7: ನಿಮ್ಮ ನಾಲಿಗೆಗೆ ಹೊಂದೋ ಇಬ್ಬರನ್ನ ಹುಡುಕ್ಕೊಳ್ಳಿ

ಈ ಕೆಲಸ ಒಂದು ಸಂಜೆ ಹಿಡಿಯುತ್ತೆ, ಆಮೇಲೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತೆ. ನೀವು ಈಗಾಗ್ಲೇ ಕುಡಿದು ನೆನಪಿರೋ ಎಂಟು ವೈನ್ ಬರ್ಕೊಳ್ಳಿ, ನಾಲ್ಕು ಬಹಳ ಇಷ್ಟ ಆಗಿದ್ದು, ನಾಲ್ಕು ಇಷ್ಟ ಆಗದೇ ಇದ್ದಿದ್ದು. ಇಷ್ಟ ಆಗದ ನಾಲ್ಕು ಮುಖ್ಯ, ಯಾಕಂದ್ರೆ ಒಳ್ಳೇ ವೈನ್ ಎಲ್ಲರೂ ಹೊಗಳ್ತಾರೆ, ಬೈಯೋದ್ರಲ್ಲಿ ರುಚಿ ಗೊತ್ತಾಗುತ್ತೆ.

ಒಂದೊಂದಕ್ಕೂ ಅದೇ ವಿಂಟೇಜಿನ ರಿವ್ಯೂ ಹುಡುಕಿ, ಯಾರು ಬರ್ದಿದ್ದು ಅಂತ ಪಕ್ಕದಲ್ಲಿ ಬರೀರಿ. ಮೂರ್ನಾಲ್ಕು ಹೆಸರು ಮತ್ತೆ ಮತ್ತೆ ಬರುತ್ತೆ. ಅವರಲ್ಲಿ ಯಾರು ನಿಮ್ಮ ಜೊತೆ ಒಪ್ಪಿದ್ದಾರೆ, ಯಾರು ಪ್ರತೀ ಸಲ ಉಲ್ಟಾ ಹೇಳಿದ್ದಾರೆ ನೋಡಿ. ಪ್ರತೀ ಸಲ ಉಲ್ಟಾ ಹೇಳೋರೂ ಬಂಗಾರಾನೇ, ಅವರು "ಓಕ್ ಸಾಲದು, ತೆಳು" ಅಂತ ಬೈದಿದ್ದನ್ನ ನಾನು ಕಣ್ಣು ಮುಚ್ಚಿ ತಗೊಳ್ತೀನಿ. ಕೆಲಸಕ್ಕೆ ಬಾರದೋರು ಅಂದ್ರೆ ಒಂದು ಸಲ ಒಪ್ಪಿ ಒಂದು ಸಲ ಬಿಡೋರು.

ಸೆಲ್ಲರ್‌ಟ್ರ್ಯಾಕರ್, ವಿವಿನೋದಲ್ಲೂ ಇದೇ ಥರ ಇಬ್ಬರು ಮೂವರು ಸಾಮಾನ್ಯ ಬಳಕೆದಾರರನ್ನ ಫಾಲೋ ಮಾಡಿ. ಐನೂರು ನೋಟ್ಸ್‌ನಲ್ಲಿ ಒಂದಕ್ಕೂ ಕಮ್ಮಿ ಕೊಡದೇ ಇರೋರು, ಎಲ್ಲಾ ನೋಟ್ಸೂ ಒಂದೇ ಸಾಲಿನದ್ದು ಇರೋರು, ಒಂದೇ ಕಂಪನಿಯ ವೈನ್ ಮಾತ್ರ ಹೊಗಳೋರು, ಇವರನ್ನ ಬಿಟ್ಬಿಡಿ.

## ಹಂತ 8: ಬಾಟಲ್ ತೆಗೆದ ರಾತ್ರಿ

ಇಲ್ಲಿ ಒಂದೇ ನಿಯಮ, ನಿಮ್ಮ ನೋಟ್ ಬರ್ದು ಮುಗಿಸೋವರೆಗೂ ರಿವ್ಯೂ ಮತ್ತೆ ತೆರೀಬೇಡಿ. ಕಣ್ಣಿಗೆ ಬಿದ್ದಿದ್ದನ್ನೇ ಮೂಗು ಹುಡುಕುತ್ತೆ. ಬೋರ್ಡೋದಲ್ಲಿ ಫ್ರೆಡೆರಿಕ್ ಬ್ರೋಶೆ ಮತ್ತೆ ಅವರ ಜೊತೆಯೋರು ಬಿಳಿ ವೈನಿಗೆ ವಾಸನೆ ಇಲ್ದಿರೋ ಕೆಂಪು ಬಣ್ಣ ಹಾಕಿ 54 ಜನ ವಿದ್ಯಾರ್ಥಿಗಳಿಗೆ ಕೊಟ್ರು, ಅವರೆಲ್ಲ ವೈನ್ ಬಗ್ಗೆ ಓದ್ತಿದ್ದೋರೇ, ಆದ್ರೂ ಅದನ್ನ ವರ್ಣಿಸೋಕೆ ಕೆಂಪು ವೈನಿನ ಪದಗಳನ್ನೇ ಬಳಸಿದ್ರು. ಬಣ್ಣ ಇಷ್ಟು ಮಾಡುತ್ತೆ ಅಂದ್ರೆ 95 ಅನ್ನೋ ನಂಬರ್ ಇನ್ನೇನು ತಾನೇ ಮಾಡಲ್ಲ ಹೇಳಿ?

ಟೆಂಪರೇಚರ್ ನೋಡ್ಕೊಳ್ಳಿ. ಬಿಳಿ 8ರಿಂದ 12 ಡಿಗ್ರಿ, ಕೆಂಪು 15ರಿಂದ 18. ಫ್ರಿಜ್‌ನಿಂದ ತೆಗೆದ ತಕ್ಷಣ ಬಿಳಿಯಲ್ಲಿ ವಾಸನೇನೇ ಬರಲ್ಲ, 25 ಡಿಗ್ರಿಯಲ್ಲಿರೋ ಕೆಂಪಲ್ಲಿ ಆಲ್ಕೋಹಾಲ್ ಬಿಟ್ರೆ ಇನ್ನೇನೂ ಬರಲ್ಲ, "ರಿವ್ಯೂ ಸುಳ್ಳು" ಅಂತ ಬೈಯೋ ಎಷ್ಟೋ ಪ್ರಸಂಗ ಇಷ್ಟರಲ್ಲೇ ಬಗೆಹರಿಯುತ್ತೆ. ಬರೀಬೇಕಾಗಿರೋದು ದಿನಾಂಕ, ಬಾಟಲ್ ತೆಗೆದ ಹೊತ್ತು, ಸಿಹಿ, ಹುಳಿ, ಒಗರು, ಮೈ, ಫಿನಿಶ್ ಒಂದೊಂದಕ್ಕೆ ಕಮ್ಮಿ ಮಧ್ಯಮ ಜಾಸ್ತಿ, ಎರಡು ಮೂರು ವಾಸನೆ, ಇನ್ನೊಂದು ಬಾಟಲ್ ತರ್ತೀರಾ ಇಲ್ವಾ. ಒಂದು ಗಂಟೆ ಬಿಟ್ಟು ಇನ್ನೊಂದು ಗ್ಲಾಸಲ್ಲಿ ಅದೇ ವೈನ್ ಹಾಕಿ ಮತ್ತೆ ಬರೀರಿ, ಎಳೇ ಕೆಂಪು ವೈನ್‌ಗಳು ಅಷ್ಟರಲ್ಲಿ ಬೇರೇನೇ ಆಗಿರ್ತವೆ.

ಆಮೇಲೆ ರಿವ್ಯೂ ತೆಗೆದು ಪಕ್ಕಪಕ್ಕ ಇಡಿ. ಸ್ವಲ್ಪ ಹೆಚ್ಚುಕಮ್ಮಿ ಇದ್ರೆ ಸರಿ. ಅಜಗಜಾಂತರ ಇದ್ರೆ ವಿಮರ್ಶಕರಿಗೆ ಬೈಯೋಕೆ ಮುಂಚೆ ಬಾಟಲ್ ಕೆಟ್ಟಿದೆಯಾ ನೋಡಿ. ಒದ್ದೆ ರಟ್ಟು, ಮುಗ್ಗಲು ವಾಸನೆ ಬಂದು ಹಣ್ಣಿನ ರುಚಿ ಸತ್ತೇ ಹೋಗಿದ್ರೆ ಕಾರ್ಕ್‌ನ ಟಿಸಿಎ ಅನ್ನೋ ರಾಸಾಯನಿಕ, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ರೂ ಮೂಗಿಗೆ ಗೊತ್ತಾಗುತ್ತೆ, ಗಾಳಿಗಿಟ್ರೆ ಕಮ್ಮಿ ಆಗಲ್ಲ, ಜಾಸ್ತಿ ಗೊತ್ತಾಗುತ್ತೆ. ಕತ್ತರಿಸಿಟ್ಟು ಕಂದು ತಿರುಗಿದ ಸೇಬಿನ ವಾಸನೆ, ಬಣ್ಣಾನೂ ಕಂದು ಅಂದ್ರೆ ಗಾಳಿ ಹೊಕ್ಕಿದೆ. ನೇಲ್ ಪಾಲಿಶ್ ಅಥವಾ ವಿನಿಗರ್ ಅಂದ್ರೆ ಹುಳಿ ಹಿಡಿದಿದೆ. ಕಾರ್ಕ್ ಮೇಲೆ ಉಬ್ಬಿ ಬಂದಿದ್ರೆ, ಬದಿಯಲ್ಲಿ ಜಿನುಗಿದ ಕಲೆ ಇದ್ರೆ ಬಿಸಿಲಲ್ಲೋ ಬಿಸಿ ಗೋಡೌನಲ್ಲೋ ಬೆಂದಿರ್ಬೋದು. ಕಡ್ಡಿ ಗೀರಿದ ವಾಸನೆ, ಕೊಳೆತ ಮೊಟ್ಟೆ ವಾಸನೆ ಮಾತ್ರ ಬಂದ್ರೆ ಚೆಲ್ಲಬೇಡಿ, ಗ್ಲಾಸಲ್ಲಿ ಜೋರಾಗಿ ತಿರುಗಿಸಿ ಅರ್ಧ ಗಂಟೆ ಬಿಡಿ, ಎಷ್ಟೋ ಸಲ ಹೋಗ್ಬಿಡುತ್ತೆ.

ಈ ಕೊನೇದು ಬಿಟ್ಟು ಮಿಕ್ಕಿದ್ರಲ್ಲಿ ಯಾವುದಾದ್ರೂ ಕಂಡ್ರೆ ನೋಟ್‌ಬುಕ್ಕಲ್ಲಿ ಆ ಸಾಲಿನ ಮುಂದೆ "ಕೆಟ್ಟ ಬಾಟಲ್" ಅಂತ ಬರ್ದು, ಕಾರ್ಕ್ ಹಾಕಿ, ಮಿಕ್ಕಿದ್ದನ್ನ ಹಾಗೇ ಎತ್ತಿಟ್ಟು ತಂದ ಕಡೆ ವಾಪಸ್ ತೋರಿಸಿ. ಅದೇ ವೈನಿನ ಇನ್ನೊಂದು ಬಾಟಲ್ ತೆಗೆದು ನೋಡೋವರೆಗೂ ಆ ಪೇಜಲ್ಲಿ ಹೋಗಿ ಒಂದು ಸ್ಟಾರ್ ಒತ್ತಬೇಡಿ.